ವಿದುಷೀಮಣಿ ಪಂಡಿತಾ ರಮಾಬಾಯಿಯವರ ಚರಿತ್ರೆ

ಒಂದು ನಾಡಿನಲ್ಲಿ ವಿದ್ಯೆಯು ಎಷ್ಟರಮಟ್ಟಿಗೆ ಬೆಳೆದಿದೆಯೆಂಬುದನ್ನು ಅರಿಯಬೇಕಾದರೆ ಅಲ್ಲಿಯ ಪಂಡಿತರ ಸಂಖ್ಯೆಯನ್ನು ಎಣಿಸಿದರೆ ಸಾಲದು. ಆ ಪಂಡಿತರ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಪುಸ್ತಕವುಂಟೋ ಇಲ್ಲವೋ ಎಂಬುದನ್ನೂ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಉಚ್ಚಕುಲಗಳ ಮನೆಗಳನ್ನು ಈ ದೃಷ್ಟಿಯಿಂದ ನೋಡಿದವರಿಗೆ ಕಾಣುತ್ತಿದ್ದುದು ಬಹುಮಟ್ಟಿಗೆ ಕತ್ತಲೆಯೇ. ಎಂಟು ಒಂಬತ್ತು ವರುಷಕ್ಕೆ ವಿವಾಹ, ವಿವಾಹವೆಂದರೇನೆಂದು ತಿಳಿಯುವ ಮೊದಲೇ ಅನೇಕರಿಗೆ ವೈಧವ್ಯ, ಆಮೇಲೆ ಕೇಶವಪನ, ಒಪ್ಪೊತ್ತಿನ ಊಟ, ಶುಭಕಾರ್ಯಗಳಲ್ಲಿ ಮುಖ ತೋರಿಸದೆ ಒಳಮನೆಯಲ್ಲಿ ಜೀವಮಾನವೆಲ್ಲ ದುಡಿಮೆ. 1856ರಲ್ಲಿ ವಿಧವಾವಿವಾಹಕ್ಕೆ ಅನುಮತಿಯನ್ನು ಕೊಡುವ ಕಾಯಿದೆಯೊಂದು ಆಗಿದ್ದರೂ ಅದು ಕಾಗದದ ಮೇಲಿದ್ದಿತೇ ಹೊರತು ಜನರ ಆಚಾರದಲ್ಲಿ ಬಂದಿರಲಿಲ್ಲ. ಇಂತಹ ಕಾಲದಲ್ಲಿ ಹುಟ್ಟಿ, ತಾನೂ ಆ ದುಃಖವನ್ನು ಉಂಡು, ತನ್ನಂತಹ ಸಹಸ್ರಾರು ಅನಾಥೆಯರಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟ ಪಂಡಿತಾ ರಮಾಬಾಯಿಯವರ ಚರಿತ್ರೆಯು ಸ್ತ್ರೀಪುರುಷರೆಲ್ಲರೂ ಮನನ ಮಾಡತಕ್ಕುದಾಗಿದೆ. ಅವರು ಹುಟ್ಟಿದುದು ನಮ್ಮ ಕನ್ನಡನಾಡಿನ ಮಲೆಯಲ್ಲಿ ಎಂಬುದು ಅನೇಕರಿಗೆ ಮರೆತುಹೋಗಿರುವುದರಿಂದ ಈ ಚರಿತ್ರೆಯನ್ನು ಇಲ್ಲಿ ಹೇಳುವುದು ಮತ್ತಷ್ಟು ಉಚಿತವಾಗಿದೆ.

ತಂದೆಯ ಸಂಕಲ್ಪ

ಕಾರ್ಕಳದ ಸಮೀಪದ ಮಾಳ ಎಂಬ ಗ್ರಾಮದಲ್ಲಿ ಚಿತ್ಪಾವನ ಬ್ರಾಹ್ಮಣರ ಡೋಂಗ್ರೆ ಮನೆತನವೊಂದಿತ್ತು. ಆ ಮನೆತನದ ಅನಂತಶಾಸ್ತ್ರಿಗಳು ತರುಣರಾಗಿದ್ದಾಗ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆ ಎಂಬ ವಿದ್ವಾಂಸರಲ್ಲಿ ಶಾಸ್ತ್ರಾಧ್ಯಯನವನ್ನು ಮಾಡುತ್ತಿದ್ದರು. ಆ ಗುರುಗಳು ಎರಡನೆಯ ಬಾಜೀರಾಯ ಪೇಶ್ವೆಯ ಅರಮನೆಯಲ್ಲಿ ಅವನ ಪತ್ನಿಗೆ ಸಂಸ್ಕೃತಪಾಠವನ್ನು ಹೇಳುತ್ತಿದ್ದರು. ಗುರುಗಳೊಡನೆ ಹೋಗಿದ್ದ ಶಿಷ್ಯನ ಕಿವಿಗೆ ಆ ರಾಣಿಯ ಶುದ್ಧವಾದ ಸಂಸ್ಕೃತೋಚ್ಚಾರಣೆಯು ಬಿದ್ದಿತು. ಹೆಣ್ಣಿನ ನಾಲಗೆಯಲ್ಲಿ ಗೀರ್ವಾಣವಾಣಿಯು ಇಷ್ಟು ಸಹಜವಾಗಿ ನಲಿಯಬಹುದಾದರೆ ತನ್ನ ಮನೆಯಲ್ಲಿಯೂ ಅದು ಏಕಾಗಬಾರದೆಂಬ ಸಂಕಲ್ಪವು ಅಂದೇ ಅವರ ಮನಸ್ಸಿನಲ್ಲಿ ಬೇರೂರಿತು.

ಊರಿಗೆ ಮರಳಿದ ಶಾಸ್ತ್ರಿಗಳು ತಮ್ಮ ಪತ್ನಿಗೆ ಪಾಠವನ್ನು ಹೇಳತೊಡಗಿದಾಗ ಮನೆಯ ಹಿರಿಯರು ಒಪ್ಪಲಿಲ್ಲ. ಆ ಪ್ರಯತ್ನವು ಅಲ್ಲಿಗೇ ನಿಂತಿತು. ಆ ಪತ್ನಿಯು ತೀರಿಕೊಂಡ ಅನಂತರ ಶಾಸ್ತ್ರಿಗಳು ತೀರ್ಥಯಾತ್ರೆಯಲ್ಲಿದ್ದಾಗ ಗೋದಾವರೀತೀರದಲ್ಲಿ ಮತ್ತೊಬ್ಬ ಯಾತ್ರಿಕ ಬ್ರಾಹ್ಮಣನ ಪರಿಚಯವಾಗಿ, ಅವನ ಒಂಬತ್ತು ವರುಷದ ಮಗಳನ್ನು ಮದುವೆಯಾದರು. ಆಗ ಶಾಸ್ತ್ರಿಗಳ ವಯಸ್ಸು ನಲವತ್ತನ್ನು ದಾಟಿತ್ತು. ಬಾಲ್ಯವಿವಾಹದ ದೋಷವು ಈ ಮದುವೆಯಲ್ಲಿಯೂ ಇದ್ದಿತೆಂಬುದನ್ನು ಮುಚ್ಚಿಡಲಾಗದು. ಆದರೆ ಲಕ್ಷ್ಮೀಬಾಯಿ ಎಂಬ ಆ ಬಾಲವಧುವಿಗೆ ಪತಿಯೇ ಗುರುವಾದರು. ಆಕೆಯು ಕೆಲವು ವರುಷಗಳಲ್ಲಿ ಸಂಸ್ಕೃತದಲ್ಲಿಯೂ ಪುರಾಣಗಳಲ್ಲಿಯೂ ಒಳ್ಳೆಯ ಪರಿಣತಿಯನ್ನು ಪಡೆದಳು.

ಈ ಸಂಗತಿಯು ಹಬ್ಬಿದೊಡನೆ ಆಕ್ಷೇಪಣೆಗಳೂ ಹಬ್ಬಿದುವು. ಸ್ತ್ರೀಗೆ ದೇವಭಾಷೆಯನ್ನು ಕಲಿಸುವುದು ಶಾಸ್ತ್ರಸಮ್ಮತವೇ ಎಂಬ ಪ್ರಶ್ನೆಯು ಉಡುಪಿಯ ವಿದ್ವತ್ಸಭೆಯ ಮುಂದೆ ಬಂದು, ಶಾಸ್ತ್ರಿಗಳು ಅಲ್ಲಿಗೆ ಹೋಗಿ ಉತ್ತರವನ್ನು ಕೊಡಬೇಕಾಯಿತು. ಅವರು ಪುರಾಣಗಳಿಂದಲೂ ಸ್ಮೃತಿಗಳಿಂದಲೂ ಪ್ರಮಾಣವಾಕ್ಯಗಳನ್ನು ಆರಿಸಿ ತೆಗೆದು ಒಂದು ಸಂಗ್ರಹವನ್ನೇ ಬರೆದು ಸಭೆಯ ಮುಂದಿಟ್ಟರು. ವೇದವನ್ನುಳಿದು ಮಿಕ್ಕ ವಾಙ್ಮಯದಲ್ಲಿ ಸ್ತ್ರೀಗೆ ಅಧಿಕಾರವುಂಟೆಂದು ಅವರು ಸಮರ್ಥಿಸಲು ಸಭೆಯು ಅವರಿಗೆ ಬಹಿಷ್ಕಾರವನ್ನು ವಿಧಿಸಲಿಲ್ಲ. ಆದರೂ ಊರಿನ ಮಾತುಗಳ ನಡುವೆ ಇರುವುದಕ್ಕಿಂತ ಕಾಡಿನ ಮೌನವೇ ಲೇಸೆಂದು ತೋರಿ, ಅವರು ಪತ್ನೀಸಮೇತರಾಗಿ ಘಟ್ಟದ ಮೇಲಿನ ಗಂಗಾಮೂಲಕ್ಕೆ ಹೋಗಿ ಆಶ್ರಮವನ್ನು ಕಟ್ಟಿಕೊಂಡರು.

ಜನನ ಮತ್ತು ವಿದ್ಯಾಭ್ಯಾಸ

ತುಂಗಾ, ಭದ್ರಾ, ನೇತ್ರಾವತೀ ನದಿಗಳು ಹುಟ್ಟುವ ಆ ಗಿರಿವನದಲ್ಲಿ 1858ನೆಯ ಇಸವಿ ಏಪ್ರಿಲ್ ತಿಂಗಳ 23ರಂದು ರಮಾಬಾಯಿಯವರು ಜನಿಸಿದರು. ಕೃಷ್ಣಾಬಾಯಿ ಎಂಬ ಅಕ್ಕನೂ ಶ್ರೀನಿವಾಸನೆಂಬ ಅಣ್ಣನೂ ಅವರಿಗೆ ಇದ್ದರು. ಆಶ್ರಮಕ್ಕೆ ವಿದ್ಯಾರ್ಥಿಗಳೂ ಅತಿಥಿಗಳೂ ಬರುತ್ತಲೇ ಇದ್ದರು. ಯಾರನ್ನೂ ಬರಿಹೊಟ್ಟೆಯಲ್ಲಿ ಕಳುಹಿಸುವ ವಾಡಿಕೆ ಇರಲಿಲ್ಲ. ಇದರಿಂದ ಪಿತ್ರಾರ್ಜಿತವೆಲ್ಲ ಕರಗಿ ಸಾಲವು ಬೆಳೆಯಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಕುಟುಂಬವು ಆಶ್ರಮವನ್ನು ಬಿಟ್ಟು ಹೊರಟಿತು. ಎಳೆಯ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟವನ್ನು ಇಳಿದರು. ಅಂದು ಆರಂಭವಾದ ಸಂಚಾರವು ಇಪ್ಪತ್ತು ವರುಷಗಳ ಕಾಲ ನಿಲ್ಲಲಿಲ್ಲ.

ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ದೇವಾಲಯದ ಜಗುಲಿಯಲ್ಲಿಯೋ ಕೆರೆಯ ಸೋಪಾನದಲ್ಲಿಯೋ ಕುಳಿತು ಪುರಾಣವನ್ನು ಓದುವುದು, ಕೇಳುವವರು ಭಕ್ತಿಯಿಂದ ಇಟ್ಟುದರಲ್ಲಿ ಜೀವಿಸುವುದು, ಇದೇ ಆ ಕುಟುಂಬದ ವೃತ್ತಿಯಾಯಿತು. ತಂದೆಗೆ ವೃದ್ಧಾಪ್ಯವು ಬಂದು ದೃಷ್ಟಿಯು ಮಂದವಾಗಿದ್ದುದರಿಂದ ರಮೆಯ ವಿದ್ಯಾಭ್ಯಾಸದ ಭಾರವು ತಾಯಿಯ ಮೇಲೆ ಬಿದ್ದಿತು. ಎಂಟನೆಯ ವರುಷದಿಂದ ಹದಿನೈದನೆಯ ವರುಷದವರೆಗೆ ಆ ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನೆಬ್ಬಿಸಿ, ಮನೆಗೆಲಸವು ಆರಂಭವಾಗುವ ಮೊದಲೇ ಪಾಠವನ್ನು ಹೇಳುತ್ತಿದ್ದಳು. ಪುಸ್ತಕವನ್ನು ನೋಡಿ ಓದುವುದಕ್ಕಿಂತ ಬಾಯಿಪಾಠಕ್ಕೇ ಅಲ್ಲಿ ಪ್ರಾಧಾನ್ಯ. ಹದಿನೆಂಟು ಸಾವಿರ ಶ್ಲೋಕಗಳುಳ್ಳ ಭಾಗವತವು ಬಾಲಿಕೆಗೆ ಕಂಠಸ್ಥವಾಯಿತು; ವ್ಯಾಕರಣವೂ ಕೋಶವೂ ಅದರೊಡನೆ ಬಂದುವು. ಮಾತೃಭಾಷೆಯಾದ ಮರಾಠಿಯಲ್ಲದೆ ಕನ್ನಡ, ಹಿಂದುಸ್ತಾನಿ ಮೊದಲಾದ ಭಾಷೆಗಳು ದಾರಿಯ ಜನರಿಂದಲೇ ದೊರೆತುವು. ಅಕ್ಕನಿಗೆ ಚಿಕ್ಕಂದಿನಲ್ಲಿ ಮಾಡಿದ ಮದುವೆಯು ದುಃಖದಲ್ಲಿ ಮುಗಿದುದನ್ನು ಕಂಡ ತಂದೆತಾಯಿಗಳು ಕಿರಿಯ ಮಗಳ ವಿವಾಹಕ್ಕೆ ಆತುರಪಡಲಿಲ್ಲ. ಈ ಒಂದು ವಿವೇಕದಿಂದಲೇ ರಮೆಯ ಅಧ್ಯಯನವು ನಡುವೆ ಕಡಿದುಹೋಗದೆ ಉಳಿಯಿತು.

ಕ್ಷಾಮದ ದಿನಗಳು

1874ರ ಸುಮಾರಿಗೆ ದಕ್ಷಿಣದೇಶದಲ್ಲಿ ಮಳೆಯು ತಪ್ಪಿ ಧಾನ್ಯದ ಬೆಲೆಯೇರಿತು. ಪುರಾಣವನ್ನು ಕೇಳುವವರ ಕೈಯೇ ಬರಿದಾದಾಗ ಹೇಳುವವರಿಗೆ ಕೊಡುವವರಾರು? ಶಾಸ್ತ್ರಿಗಳ ಕುಟುಂಬದವರಿಗೆ ಶ್ಲೋಕಗಳು ಸಹಸ್ರಗಟ್ಟಲೆ ಬರುತ್ತಿದ್ದುವು; ಹೊಟ್ಟೆ ಹೊರೆಯುವ ಕೆಲಸವೊಂದೂ ಬರುತ್ತಿರಲಿಲ್ಲ. ಕೈಯಲ್ಲಿದ್ದ ಅಲ್ಪಸ್ವಲ್ಪ ದ್ರವ್ಯವನ್ನು ದೈವಾನುಗ್ರಹಕ್ಕೆಂದು ದಾನಧರ್ಮಗಳಲ್ಲಿ ವ್ಯಯಿಸಿದರು. ಆಮೇಲೆ ಪಾತ್ರೆಗಳು, ವಸ್ತ್ರಗಳು ಮಾರಾಟವಾದುವು. ಕಡೆಗೆ ಎಲೆ, ಕಾಡುಹಣ್ಣುಗಳೇ ಆಹಾರವಾದುವು. ವೃದ್ಧ ತಂದೆಯು ಜಲಸಮಾಧಿಯನ್ನು ಹೊಂದಲು ನಿಶ್ಚಯಿಸಿದಾಗ, ಮಗನು ತಾನು ಕೂಲಿಯನ್ನಾದರೂ ಮಾಡಿ ಸಾಕುವೆನೆಂದು ಹೇಳಿ ತಡೆದನು. ಆದರೆ ಉಪವಾಸದಿಂದ ಬಳಲಿದ ಆ ಜೀವವು ಹೆಚ್ಚು ದಿನ ನಿಲ್ಲಲಿಲ್ಲ. ತಂದೆಯ ಹಿಂದೆಯೇ ತಾಯಿಯೂ ಹೋದಳು. ತಾಯಿಯ ಶವವನ್ನು ಹೊರುವುದಕ್ಕೆ ನಾಲ್ವರು ದೊರೆಯದೆ, ಕನಿಕರಗೊಂಡ ಇಬ್ಬರ ಜೊತೆಗೆ ಮಗನೂ ಮಗಳೂ ಹೆಗಲು ಕೊಡಬೇಕಾಯಿತು. ರಮೆಯು ಗಿಡ್ಡಾಗಿದ್ದುದರಿಂದ ಚಟ್ಟದ ತನ್ನ ಪಾಲಿನ ಮೂಲೆಯನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದಳು. ಅನಂತರ ಅಕ್ಕನು ವಾಂತಿಭೇದಿಯಿಂದ ತೀರಿಕೊಂಡಳು.

ಉಳಿದವರು ಅಣ್ಣ ತಂಗಿ ಇಬ್ಬರೇ. ಅವರು ಬರಿಗಾಲಲ್ಲಿ ದೇಶವನ್ನು ಸುತ್ತಿದರು. ನಡೆದುದು ಎರಡು ಸಾವಿರ ಮೈಲಿಗಳಿಗೂ ಹೆಚ್ಚು. ಉತ್ತರದ ಚಳಿಯಲ್ಲಿ ಹೊದೆಯಲು ಬಟ್ಟೆಯಿಲ್ಲದೆ ನದಿಯ ತೀರದಲ್ಲಿ ಮರಳನ್ನು ತೋಡಿ ಕತ್ತಿನವರೆಗೆ ಹೂತುಕೊಂಡು ರಾತ್ರಿಯನ್ನು ಕಳೆದುದೂ ಉಂಟು. ಇಷ್ಟಾದರೂ ಹೋದಹೋದಲ್ಲಿ ಅವರು ಸ್ತ್ರೀವಿದ್ಯೆಯ ವಿಷಯವಾಗಿ ಉಪನ್ಯಾಸಗಳನ್ನು ಮಾಡುತ್ತಿದ್ದರು. ಈ ಪ್ರವಾಸದಲ್ಲಿಯೇ ಬಾಲವಿಧವೆಯರ ಸ್ಥಿತಿಯನ್ನು ರಮಾಬಾಯಿಯವರು ಕಣ್ಣಾರೆ ಕಂಡರು.

ಕಲಕತ್ತೆಯಲ್ಲಿ

1878ರಲ್ಲಿ ಅವರು ಕಲಕತ್ತೆಯನ್ನು ಸೇರಿದರು. ಇಪ್ಪತ್ತು ವರುಷದ ಅವಿವಾಹಿತ ತರುಣಿಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಭಾಷಣ ಮಾಡುವಳೆಂಬ ವಾರ್ತೆಯು ಆ ನಗರದ ವಿದ್ವಾಂಸರನ್ನು ಬೆರಗುಗೊಳಿಸಿತು. ಅವರು ಸಭೆಯನ್ನು ಕೂಡಿಸಿ ಪರೀಕ್ಷಿಸಿ, ಸಂತುಷ್ಟರಾಗಿ ಪಂಡಿತಾ ಎಂಬ ಮತ್ತು ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟು ಸನ್ಮಾನಿಸಿದರು.

ಹೆಂಗಸರಿಗೆ ಸ್ತ್ರೀಧರ್ಮವನ್ನು ಬೋಧಿಸಬೇಕೆಂದು ಪಂಡಿತರು ಕೇಳಿಕೊಂಡುದರಿಂದ ರಮಾಬಾಯಿಯವರು ಧರ್ಮಶಾಸ್ತ್ರಗಳನ್ನು ಆಮೂಲಾಗ್ರವಾಗಿ ಓದತೊಡಗಿದರು. ಆ ಓದೇ ಅವರ ಮನಸ್ಸನ್ನು ಕಲಕಿತು. ಬೇರೆ ವಿಷಯಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಮಾತನಾಡುವ ಗ್ರಂಥಗಳು ಸ್ತ್ರೀಯನ್ನು ಹೀನವಾಗಿ ಎಣಿಸುವುದರಲ್ಲಿಯೂ, ಅವಳಿಗೆ ಸ್ವತಂತ್ರವಾದ ಮುಕ್ತಿಮಾರ್ಗವನ್ನು ನಿರಾಕರಿಸುವುದರಲ್ಲಿಯೂ ಏಕಮತವಾಗಿರುವಂತೆ ಅವರಿಗೆ ತೋರಿತು. ಬ್ರಹ್ಮಸಮಾಜದ ಕೇಶವಚಂದ್ರಸೇನರು ಅವರ ಕೈಗೆ ವೇದಗ್ರಂಥವನ್ನು ಕೊಟ್ಟು ಓದಲು ಹೇಳಿದರು. ಸ್ತ್ರೀಯು ಓದಬಾರದೆಂದು ತಂದೆಯೂ ಒಪ್ಪಿಕೊಂಡಿದ್ದ ಆ ಗ್ರಂಥವನ್ನು ಮಗಳು ಸಂಕೋಚದಿಂದಲೇ ತೆರೆದರು. ಅಂದಿನಿಂದ ಪರಂಪರೆಯಲ್ಲಿದ್ದ ನಂಬಿಕೆಯು ಸಡಿಲವಾಗುತ್ತ ಬಂದಿತು.

ವಿವಾಹವೂ ವೈಧವ್ಯವೂ

1880ರಲ್ಲಿ ಅಣ್ಣನು ಢಾಕಾ ನಗರದಲ್ಲಿ ಕಾಲವಾದನು. ಅದೇ ವರುಷ ರಮಾಬಾಯಿಯವರು ಬಿಪಿನ್ ಬಿಹಾರೀ ಮೇಧಾವಿ ಎಂಬ ವಂಗದೇಶೀಯ ವಕೀಲರನ್ನು, 1872ರ ಕಾಯಿದೆಯ ಪ್ರಕಾರ, ಯಾವ ಮತದ ವಿಧಿಯೂ ಇಲ್ಲದೆ ವಿವಾಹವಾದರು. ವರನು ಬ್ರಾಹ್ಮಣನಲ್ಲದಿದ್ದುದರಿಂದ ಎರಡು ಕಡೆಯ ಬಂಧುಗಳೂ ದೂರವಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ದಂಪತಿಗಳು ಸುಖವಾಗಿದ್ದರು. 1881ರ ಏಪ್ರಿಲಿನಲ್ಲಿ ಮನೋರಮೆ ಎಂಬ ಹೆಣ್ಣುಮಗುವು ಹುಟ್ಟಿತು. ಆದರೆ 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು. ಇಪ್ಪತ್ತಮೂರು ವರುಷದ ರಮಾಬಾಯಿಯವರು ಕೈಗೂಸಿನೊಡನೆ ತಾವೇ ಒಬ್ಬ ವಿಧವೆಯಾದರು.

ಒಳಮನೆಯ ಮೂಲೆಯನ್ನು ಅವರು ಸೇರಲಿಲ್ಲ. ಅದೇ ವರುಷ ಪುಣೆಗೆ ಬಂದು, ಮಹಾದೇವ ಗೋವಿಂದ ರಾನಡೆ ಮೊದಲಾದವರ ಬೆಂಬಲದಿಂದ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠೀ ಗ್ರಂಥವನ್ನು ರಚಿಸಿದರು. ಸೆಪ್ಟೆಂಬರಿನಲ್ಲಿ ಹಂಟರ್ ಸಾಹೇಬರ ಅಧ್ಯಕ್ಷತೆಯ ವಿದ್ಯಾಸಮಿತಿಯ ಮುಂದೆ ಸಾಕ್ಷ್ಯವನ್ನು ನುಡಿದರು. ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರನ್ನು ತರಬೇತು ಮಾಡಬೇಕು. ತನಿಖೆಗೂ ಸ್ತ್ರೀಯರೇ ಬೇಕು. ಪುರುಷವೈದ್ಯರ ಮುಂದೆ ಬಾಯಿಬಿಡಲಾರದೆ ಎಷ್ಟೋ ಹೆಂಗಸರು ಸಾಯುತ್ತಿರುವುದರಿಂದ ಸ್ತ್ರೀಯರಿಗೆ ವೈದ್ಯಶಿಕ್ಷಣದ ಬಾಗಿಲನ್ನು ತೆರೆಯಬೇಕು. ಇವು ಅವರು ಮುಂದಿಟ್ಟ ಮುಖ್ಯ ಬೇಡಿಕೆಗಳು. ಮೂರು ವರುಷಗಳ ತರುವಾಯ, 1885ರಲ್ಲಿ, ಲೇಡಿ ಡಫ್ರಿನ್ ನಿಧಿಯು ಹುಟ್ಟಿ ಸ್ತ್ರೀಯರ ವೈದ್ಯಸಹಾಯಕ್ಕೆ ಒಂದು ವ್ಯವಸ್ಥೆಯಾಯಿತು.

ವಿದೇಶಯಾತ್ರೆ

ತಾವೇ ವೈದ್ಯವನ್ನು ಕಲಿಯಬೇಕೆಂಬ ಅಪೇಕ್ಷೆಯಿಂದ ರಮಾಬಾಯಿಯವರು 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದರು. ಪ್ರಯಾಣದ ವೆಚ್ಚಕ್ಕೆ ತಮ್ಮ ಗ್ರಂಥದಿಂದ ಬಂದ ಹಣವೂ ಒದಗಿತು. ಆದರೆ ಕಿವಿ ಮಂದವಾಗಿದ್ದುದರಿಂದ ವೈದ್ಯಾಭ್ಯಾಸವು ಸಾಧ್ಯವಾಗಲಿಲ್ಲ. ವಾಂಟೇಜ್ ಎಂಬಲ್ಲಿಯ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ಪತಿತೆಯರೆಂದು ಲೋಕವು ತಳ್ಳಿಬಿಟ್ಟ ಹೆಂಗಸರನ್ನು ಅವರು ಮರ್ಯಾದೆಯಿಂದ ಸಾಕುವುದನ್ನು ಕಂಡು ಮನಕರಗಿ, 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ಕ್ರೈಸ್ತದೀಕ್ಷೆಯನ್ನು ಸ್ವೀಕರಿಸಿದರು. ಅನಂತರ ಚೆಲ್ಟನ್‌ಹ್ಯಾಮಿನ ಮಹಿಳಾ ವಿದ್ಯಾಲಯದಲ್ಲಿ ಸಂಸ್ಕೃತವನ್ನು ಬೋಧಿಸಿದರು.

ಮತವನ್ನು ಬದಲಾಯಿಸಿದರೂ ಅವರು ತಮ್ಮ ವಿವೇಚನೆಯನ್ನು ಯಾರಿಗೂ ಒಪ್ಪಿಸಿಕೊಡಲಿಲ್ಲ. ಅವರು ಪುರುಷವಿದ್ಯಾರ್ಥಿಗಳಿಗೆ ಪಾಠ ಹೇಳಬಾರದೆಂದು ಅಲ್ಲಿಯ ಧರ್ಮಾಧಿಕಾರಿಗಳು ಆಕ್ಷೇಪಿಸಿದಾಗಲೂ, ತತ್ತ್ವವಿಚಾರದಲ್ಲಿ ಪ್ರಶ್ನೆಗಳನ್ನೆತ್ತದೆ ಸಭೆಯ ಮಾತನ್ನು ಹಾಗೆಯೇ ನಂಬಬೇಕೆಂದು ಒತ್ತಾಯಿಸಿದಾಗಲೂ ಅವರು ದೃಢವಾಗಿ ಪ್ರತಿಭಟಿಸಿದರು. ಸ್ವದೇಶದ ಶಾಸ್ತ್ರಿಗಳ ಮುಂದೆ ತಲೆಬಾಗದವರು ಪರದೇಶದ ಗುರುಗಳ ಮುಂದೆಯೂ ಸುಮ್ಮನೆ ತಲೆಬಾಗಲಿಲ್ಲ. ಸಸ್ಯಾಹಾರವನ್ನೂ ತಮ್ಮ ದೇಶದ ಉಡುಪನ್ನೂ ಅವರು ಬಿಡಲಿಲ್ಲ.

1886ರಲ್ಲಿ ಅವರ ಬಂಧುವಾದ ಆನಂದೀಬಾಯಿ ಜೋಶಿಯವರು ಅಮೇರಿಕಾದ ಫಿಲಡೆಲ್ಫಿಯಾ ನಗರದಲ್ಲಿ ವೈದ್ಯಪದವಿಯನ್ನು ಪಡೆಯುವ ಸಮಾರಂಭಕ್ಕೆಂದು ರಮಾಬಾಯಿಯವರು ಅಲ್ಲಿಗೆ ಹೋದರು. ಕೆಲವು ದಿನಗಳಿಗೆಂದು ಹೋದವರು ಮೂರು ವರುಷಗಳ ಹತ್ತಿರ ಹತ್ತಿರ ಅಲ್ಲಿಯೇ ಸಂಚರಿಸಿ, ಶಿಶುಶಿಕ್ಷಣದ ನೂತನ ಪದ್ಧತಿಯನ್ನು ಅಭ್ಯಸಿಸಿದರು. 1887ರಲ್ಲಿ ಉಚ್ಚಜಾತಿಯ ಹಿಂದೂಸ್ತ್ರೀಯ ಸ್ಥಿತಿಯನ್ನು ಕುರಿತು ಆಂಗ್ಲಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದರು. ಹುಟ್ಟು, ಬಾಲ್ಯ, ವಿವಾಹ, ವೈಧವ್ಯ ಎಂಬ ಒಂದೊಂದು ಮೆಟ್ಟಿಲಿನಲ್ಲಿಯೂ ಹೆಣ್ಣಿನ ಮೇಲೆ ಬೀಳುವ ಭಾರವನ್ನು ಅದರಲ್ಲಿ ಕ್ರಮವಾಗಿ ವಿವರಿಸಿದ್ದಾರೆ. ಬಾಲ್ಯದಲ್ಲಿ ತನಗೆ ಕಟ್ಟಿದ ಗಂಡನ ಮನೆಗೆ ಹೋಗಲು ಒಪ್ಪದ ರುಖ್ಮಾಬಾಯಿ ಎಂಬ ತರುಣಿಗೆ ಮುಂಬಯಿಯ ನ್ಯಾಯಾಲಯವು ಅದೇ ವರುಷ ಪ್ರತಿಕೂಲವಾಗಿ ತೀರ್ಪು ಕೊಟ್ಟುದನ್ನು ಎತ್ತಿಕೊಂಡು, ಹಳೆಯ ಆಚಾರವೂ ಹೊಸ ಸರಕಾರವೂ ಹೆಣ್ಣನ್ನು ಹಿಡಿದುಕೊಡುವುದರಲ್ಲಿ ಒಂದಾಗಿವೆಯೆಂದು ತೋರಿಸಿದ್ದಾರೆ. ಆ ವರುಷದ ಕೊನೆಯಲ್ಲಿ ಬೋಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಗಿ, ಭಾರತದಲ್ಲಿ ವಿಧವೆಯರ ಶಾಲೆಯೊಂದಕ್ಕೆ ಹತ್ತು ವರುಷಗಳ ಕಾಲ ಧನಸಹಾಯವನ್ನು ಮಾಡಲು ಒಪ್ಪಿತು.

ಶಾರದಾಸದನ

1889ರ ಫೆಬ್ರವರಿಯಲ್ಲಿ ಸ್ವದೇಶಕ್ಕೆ ಮರಳಿದ ರಮಾಬಾಯಿಯವರು ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. ಮೊದಲನೆಯ ವಿಧವಾವಿದ್ಯಾರ್ಥಿನಿ ಗೋದೂಬಾಯಿ. ಈಕೆಯೇ ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ ಆನಂದೀಬಾಯಿ ಎನಿಸಿದರು. ಕರ್ವೆಯವರು 1896ರಲ್ಲಿ ವಿಧವಾಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದುದನ್ನು ನೆನೆದರೆ, ಒಂದು ದೀಪದಿಂದ ಎಷ್ಟು ದೀಪಗಳು ಹತ್ತಿದುವೆಂಬುದು ತಿಳಿಯುವುದು. 1889ರ ಡಿಸೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಕೆಲವೇ ಮಂದಿ ಸ್ತ್ರೀಪ್ರತಿನಿಧಿಗಳಲ್ಲಿ ರಮಾಬಾಯಿಯವರೂ ಒಬ್ಬರು. ಆ ಸಂದರ್ಭದ ಸಮಾಜಸುಧಾರಣಾ ಪರಿಷತ್ತಿನಲ್ಲಿ ವಿಧವೆಯರ ಕೇಶವಪನವನ್ನು ಖಂಡಿಸಿ ಭಾಷಣ ಮಾಡಿದರು.

1890ರಲ್ಲಿ ಸದನವು ಪುಣೆಗೆ ಬಂದಿತು. ಅಲ್ಲಿ ಕಠಿನವಾದ ಪರೀಕ್ಷೆಯು ಕಾದಿತ್ತು. ಮತಬೋಧನೆಯನ್ನು ಮಾಡುವುದಿಲ್ಲವೆಂಬುದು ಶಾಲೆಯ ನಿಯಮವಾಗಿದ್ದರೂ, ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ಬಾಗಿಲು ತೆರೆದಿಟ್ಟೇ ಮಾಡುತ್ತಿದ್ದರು. ಕೆಲವು ಬಾಲೆಯರು ತಾವಾಗಿ ಬಂದು ಕುಳಿತುಕೊಳ್ಳುತ್ತಿದ್ದರು. ಇದನ್ನು ಕುರಿತು ಪತ್ರಿಕೆಗಳಲ್ಲಿ, ವಿಶೇಷವಾಗಿ ತಿಲಕರ ಕೇಸರಿಯಲ್ಲಿ, ಬಲವಾದ ಟೀಕೆಗಳು ಬಂದುವು. 1893ರಲ್ಲಿ ಸಲಹಾಮಂಡಲಿಯಲ್ಲಿದ್ದ ರಾನಡೆ, ಭಾಂಡಾರಕರ ಮೊದಲಾದವರು ರಾಜೀನಾಮೆಯನ್ನು ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಬಾಲೆಯರನ್ನು ಪೋಷಕರು ಹಿಂದಕ್ಕೆ ಕರೆದುಕೊಂಡರು. ಆಶ್ರಯವನ್ನು ಬೇಡಿ ಬಂದವರ ಮನಸ್ಸು ಆಶ್ರಯದಾತರ ಕಡೆಗೆ ಸಹಜವಾಗಿ ಬಾಗುವುದರಿಂದ ಪೋಷಕರ ಭಯವು ಕೇವಲ ನಿರಾಧಾರವಾಗಿರಲಿಲ್ಲ. ಆದರೆ ಹಾಗೆ ಮನೆಗೆ ಮರಳಿದ ಬಾಲವಿಧವೆಯರಿಗೆ ಅಲ್ಲಿ ಕಾದಿದ್ದ ಬಾಳು ಎಂತಹುದೆಂಬ ಪ್ರಶ್ನೆಯನ್ನು ಟೀಕಾಕಾರರಲ್ಲಿ ಕೇಳಿದವರು ಕಡಮೆ. ಮತದ ವಾದದಲ್ಲಿ ಇಬ್ಬರೂ ಗೆಲ್ಲಲು ಹವಣಿಸುತ್ತಿದ್ದಾಗ ಸೋತವರು ಆ ಬಾಲೆಯರು.

ಮುಕ್ತಿಸದನ

1896-97ರಲ್ಲಿ ಮಧ್ಯಪ್ರಾಂತದಲ್ಲಿ ಘೋರವಾದ ಕ್ಷಾಮವು ತಲೆದೋರಿತು. ತಮ್ಮ ತಂದೆತಾಯಿಗಳ ಅಂತ್ಯವನ್ನು ಮರೆಯದ ರಮಾಬಾಯಿಯವರು ಅಲ್ಲಿಗೆ ಹೋದರು. ಹಸಿದ ಹುಡುಗಿಯರನ್ನು ದುಷ್ಟರು ಹಿಡಿ ಅನ್ನದ ಆಸೆ ತೋರಿಸಿ ಕೊಂಡೊಯ್ಯುತ್ತಿದ್ದುದನ್ನೂ, ಪರಿಹಾರಕೇಂದ್ರಗಳಲ್ಲಿಯೂ ಅವರಿಗೆ ರಕ್ಷಣೆಯಿಲ್ಲದುದನ್ನೂ ಕಂಡು, ಸುಮಾರು 300 ಮಂದಿಯನ್ನು ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿ, ಅಷ್ಟು ಜನರನ್ನು ನಗರದಲ್ಲಿಡಲು ಅನುಮತಿ ದೊರೆಯಲಿಲ್ಲ. ಪುಣೆಯಿಂದ ಮೂವತ್ತು ಮೈಲಿಗಳಾಚೆ ರೈಲುದಾರಿಯಲ್ಲಿರುವ ಕೇಡಗಾಂವಿನಲ್ಲಿ ಮೊದಲೇ ಕೊಂಡಿದ್ದ ನೂರು ಎಕರೆಯಷ್ಟು ಭೂಮಿಯು ಆಗ ಉಪಯೋಗಕ್ಕೆ ಬಂದಿತು. ಅಲ್ಲಿ ಡೇರೆಗಳನ್ನು ಹಾಕಿ ಆರಂಭಿಸಿದ ಆಶ್ರಯವೇ ಮುಕ್ತಿಸದನ. 1897ರಲ್ಲಿ ಪ್ಲೇಗಿನ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಆಗುತ್ತಿದ್ದ ಅನ್ಯಾಯವನ್ನು ಅವರು ಪತ್ರಿಕೆಗೆ ಬರೆಯಲು, ಆ ಪ್ರಶ್ನೆಯು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಸರಕಾರದವರು ತಮ್ಮ ಮತದವರೆಂದು ಅವರು ಸುಮ್ಮನಿರಲಿಲ್ಲ.

1900ರ ಗುಜರಾತದ ಕ್ಷಾಮದ ತರುವಾಯ ಸದನದಲ್ಲಿದ್ದವರ ಸಂಖ್ಯೆಯು 2000ದ ಹತ್ತಿರಕ್ಕೆ ಬಂದಿತು. ಇಷ್ಟು ಜನರಿಗೆ ಅನ್ನ ವಸ್ತ್ರಗಳನ್ನು ಕೇವಲ ದಾನದಿಂದ ಒದಗಿಸಿದರೆ ಸಾಲದೆಂಬುದನ್ನು ಅವರು ಬಾಲ್ಯದ ಅನುಭವದಿಂದಲೇ ಅರಿತಿದ್ದರು. ಶ್ಲೋಕ ಬಂದೂ ಕೆಲಸ ಬಾರದ ಕುಟುಂಬವು ಹಸಿವಿನಿಂದ ಅಳಿದುದನ್ನು ಕಂಡವರು, ಅಕ್ಷರದೊಡನೆ ಕೈಕೆಲಸವನ್ನೂ ಪ್ರತಿಯೊಬ್ಬಳಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಬಾವಿಗಳನ್ನು ತೋಡಿಸಿ ಬೇಸಾಯವನ್ನು ನಡೆಸಿದರು. ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಹೈನು, ಅಡಿಗೆ, ರೋಗಿಗಳ ಶುಶ್ರೂಷೆ, ಅಚ್ಚುಕೂಟದ ಕೆಲಸ, ಎಲ್ಲವನ್ನೂ ಹೆಂಗಸರೇ ಕಲಿತು ಹೆಂಗಸರಿಗೆ ಕಲಿಸಿದರು. ಅಂಧಬಾಲೆಯರಿಗೆ ಬ್ರೈಲ್ ಲಿಪಿಯನ್ನು ಕಲಿಸುವ ಏರ್ಪಾಡಾಯಿತು. ಸಮಾಜವು ಹೊರಹಾಕಿದ ಸ್ತ್ರೀಯರಿಗೆಂದು ಕೃಪಾಸದನ, ವೃದ್ಧೆಯರಿಗೂ ದುರ್ಬಲರಿಗೂ ಪ್ರೀತಿಸದನ ಎಂಬ ಬೇರೆ ಬೇರೆ ಮನೆಗಳಾದುವು.

ಈ ಸೇವೆಯ ಒಂದು ಕವಲು ಕನ್ನಡ ಸೀಮೆಗೂ ಹರಿಯಿತು. ಅಮೇರಿಕಾದಲ್ಲಿ ಓದಿ ಬಂದು ತಾಯಿಗೆ ಬಲಗೈಯಾಗಿದ್ದ ಮನೋರಮಾಬಾಯಿಯವರು, ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರ್ಗಿಯಲ್ಲಿ 1912ರ ಸುಮಾರಿಗೆ ಶಾಂತಿಸದನವೆಂಬ ಬಾಲಿಕಾಶಾಲೆಯನ್ನು ತೆರೆದರು. ವಿದ್ಯೆಯಲ್ಲಿ ಬಹಳ ಹಿಂದುಳಿದಿದ್ದ ಆ ಸೀಮೆಯಲ್ಲಿ ಅಂತಹ ಶಾಲೆಯನ್ನು ನಡೆಸುವುದು ಸುಲಭವಾಗಿರಲಿಲ್ಲ.

ಅಂತ್ಯಕಾಲ

ಜೀವಿತದ ಕಡೆಯ ವರುಷಗಳನ್ನು ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ ಕ್ರೈಸ್ತರ ಧರ್ಮಗ್ರಂಥವನ್ನು ಮರಾಠಿಗೆ ಭಾಷಾಂತರಿಸುವುದರಲ್ಲಿ ಕಳೆದರು. ಅದುವರೆಗಿನ ಭಾಷಾಂತರಗಳು ಹಳ್ಳಿಯ ಸಾಮಾನ್ಯ ಸ್ತ್ರೀಯರಿಗೆ ಅರ್ಥವಾಗುವುದಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಆ ಗ್ರಂಥದ ಮೊಳೆ ಜೋಡಿಸುವುದರಿಂದ ಹಿಡಿದು ಮುದ್ರಣದವರೆಗೆ ಸದನದ ಸ್ತ್ರೀಯರೇ ದುಡಿದರು. 1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈಯಲ್ಲಿ ಏಕಮಾತ್ರ ಪುತ್ರಿಯಾದ ಮನೋರಮಾಬಾಯಿಯವರು ತೀರಿಕೊಂಡರು. ಅದಾದ ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು, ಭಾಷಾಂತರದ ಕೆಲಸವನ್ನು ಮುಗಿಸಿ ರಮಾಬಾಯಿಯವರು ಕೇಡಗಾಂವಿನಲ್ಲಿ ದೇಹವನ್ನು ಬಿಟ್ಟರು. ಮುಕ್ತಿಸದನವು ಇಂದಿಗೂ ನಡೆದುಕೊಂಡು ಬರುತ್ತಿದೆ. 1989ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆಯ ಚೀಟಿಯನ್ನು ಹೊರಡಿಸಿತು.

ಉಪಸಂಹಾರ

ರಮಾಬಾಯಿಯವರು ಬೇಡಿದುದರಲ್ಲಿ ಬಹಳಷ್ಟು ಅವರ ಜೀವಿತಾನಂತರ ಕೈಗೂಡಿತು. 1929ರಲ್ಲಿ ಬಾಲ್ಯವಿವಾಹವನ್ನು ತಡೆಯುವ ಕಾಯಿದೆಯೂ, 1956ರಲ್ಲಿ ಹಿಂದೂಸ್ತ್ರೀಗೆ ಆಸ್ತಿಯ ಹಕ್ಕನ್ನು ಕೊಡುವ ಕಾಯಿದೆಯೂ ಬಂದುವು. ಉಪಾಧ್ಯಾಯಿನಿಯರೂ ಸ್ತ್ರೀವೈದ್ಯರೂ ಇಲ್ಲದ ಪಟ್ಟಣವು ಈಗ ಇಲ್ಲ. ಆದರೂ ಶಾಲೆಯನ್ನು ನಡುವೆ ಬಿಡಿಸಿ ಹಸೆಯ ಮೇಲೆ ಕೂರಿಸಿದ ಬಾಲೆಯರು ಇನ್ನೂ ಇದ್ದಾರೆ. ಗಂಡನು ಸತ್ತನೆಂಬ ಕಾರಣದಿಂದಲೇ ಶುಭಕಾರ್ಯದಲ್ಲಿ ಹಿಂದೆ ಸರಿದು ನಿಲ್ಲುವ ತಾಯಂದಿರೂ ಇದ್ದಾರೆ. ಕಾಯಿದೆಯು ಬಾಗಿಲನ್ನು ತೆರೆಯಬಲ್ಲುದು. ಕೈಹಿಡಿದು ಒಳಗೆ ಕರೆದುಕೊಳ್ಳಬೇಕಾದವರು ಮನೆಯವರೇ.

ಅವರು ಆರಿಸಿಕೊಂಡ ಮತವನ್ನು ಒಪ್ಪದವರು ಅನೇಕರಿರಬಹುದು. ಅವರ ಸೇವೆಯನ್ನು ಒಪ್ಪದವರು ಇರಲಾರರು. ಒಬ್ಬ ಶಾಸ್ತ್ರಿಯು ನೂರು ಜನರ ಆಕ್ಷೇಪಣೆಯನ್ನು ಸಹಿಸಿ ತನ್ನ ಹೆಂಡತಿಗೆ ಅಕ್ಷರವನ್ನು ಕಲಿಸಿದನು. ಆ ಹೆಂಡತಿಯು ಕಾಡುದಾರಿಯಲ್ಲಿ ಮಗಳಿಗೆ ಕಲಿಸಿದಳು. ಆ ಮಗಳು ಎರಡು ಸಾವಿರ ಅನಾಥೆಯರಿಗೆ ತಾಯಿಯಾದಳು. ಒಂದು ಮನೆಯಲ್ಲಿ ಒಬ್ಬ ಹೆಣ್ಣಿಗೆ ಕೊಟ್ಟ ವಿದ್ಯೆಯ ಫಲವು ಎಲ್ಲಿಯವರೆಗೆ ಹೋಗಿ ಮುಟ್ಟುವುದೆಂಬುದನ್ನು ಈ ಚರಿತ್ರೆಯಿಂದ ತಿಳಿದು, ಹೆಣ್ಣುಮಕ್ಕಳುಳ್ಳ ಪ್ರತಿಯೊಬ್ಬ ಗೃಹಸ್ಥನೂ, ಪಾಠಶಾಲೆಗಳನ್ನು ನಡೆಸುವ ಪ್ರತಿಯೊಂದು ಸಂಸ್ಥೆಯೂ ತಮ್ಮ ಕರ್ತವ್ಯವನ್ನು ನಿಶ್ಚಯಿಸಿಕೊಳ್ಳುವುದು ಶ್ರೇಯಸ್ಕರವು.